ಒಂಬತ್ತು ಜಡ್ಜುಗಳು, ಒಂದು ಚಿಟಿಕೆ ಅರಿಶಿನ

ನನ್ನ ವೆಟ್ ಪ್ಲೇಟ್ ಫೋಟೊದ ಏಳನೇ ಪ್ಲೇಟು ಕೊನೆಗೂ ಬಂತು! ಬಂತು ಅಂದರೆ ಜಡ್ಜುಗಳ ಕೊರಳಿನ ಬಿಳಿ ಬ್ಯಾಂಡಿನ ಮಡಿಕೆ ಕಾಣುತ್ತೆ. ಇನ್ನೊಂದು ಎಡವಟ್ಟು ಆಗಿದೆ, ಅದನ್ನು ಆಮೇಲೆ ಹೇಳ್ತೀನಿ.

1867ರಲ್ಲಿ ಅಲೆಕ್ಸಾಂಡರ್ ಗಾರ್ಡ್ನರ್ ಅಮೆರಿಕದ ಸುಪ್ರೀಂ ಕೋರ್ಟಿನ ಜಡ್ಜುಗಳನ್ನು ಸಾಲಾಗಿ ಕೂರಿಸಿ ತೆಗೆದ ಫೋಟೊ ನಿಮಗೆ ಗೊತ್ತೇ ಇರುತ್ತೆ. ಆ ಕೋರ್ಟಿನ ಮೊದಲ ಗ್ರೂಪ್ ಫೋಟೊ ಅದು, ಚೀಫ್ ಜಸ್ಟಿಸ್ ಸಾಲ್ಮನ್ ಚೇಸ್ ಕಾಲದ್ದು. ಅದೇ ವರಸೆಯಲ್ಲಿ, ಆದರೆ ನಮ್ಮ ಕರಿ ಕೋಟು, ಗೌನು, ಬಿಳಿ ಬ್ಯಾಂಡು ತೊಡಿಸಿ, ಒಂಬತ್ತು ಜನರನ್ನು ವೆಟ್ ಪ್ಲೇಟಿನಲ್ಲಿ ಹಿಡಿಯೋದು ನನ್ನ ಹಟ. ವೆಟ್ ಪ್ಲೇಟು ಅಂದರೆ ತಗಡಿಗೋ ಗಾಜಿಗೋ ಕಲೋಡಿಯನ್ ಅನ್ನೋ ಅಂಟು ದ್ರವ ಸವರಿ, ಬೆಳ್ಳಿ ದ್ರಾವಣದಲ್ಲಿ (ಸಿಲ್ವರ್ ಬಾತ್) ಅದ್ದಿ, ಅದು ಒಣಗೋ ಮುಂಚೆ ಫೋಟೊ ಹಿಡಿಯೋ ಹಳೇ ಪದ್ಧತಿ. ಜಾಗ ಬಸವನಗುಡಿಯ ನಮ್ಮ ತಾರಸಿ. ಜಡ್ಜುಗಳು ಲಾಲ್‌ಬಾಗಿನ ವಾಕಿಂಗ್ ಗುಂಪಿನ ಹಿರಿಯರು.

ಕೂರಿಸೋದೇ ಒಂದು ವ್ಯಾಜ್ಯ. ಆ ಕೋರ್ಟಿನ ಫೋಟೊದಲ್ಲಿ ಚೀಫ್ ನಡುವೆ, ಅವರ ಬಲಕ್ಕೆ ಅತಿ ಹಿರಿಯರು, ಎಡಕ್ಕೆ ಅವರ ನಂತರದವರು. ಹಿರಿತನ ವಯಸ್ಸಿನದಲ್ಲ, ಕೆಲಸಕ್ಕೆ ಸೇರಿದ ದಿನದ್ದು. ನಮ್ಮವರು ಅರ್ಧ ಗಂಟೆ ಜಗಳ ಆಡಿ, ಲಾಲ್‌ಬಾಗಿಗೆ ಯಾರು ಮೊದಲು ಬಂದರೋ ಅವರೇ ಹಿರಿಯರು ಅಂತ ತೀರ್ಪು ಕೊಟ್ಟುಕೊಂಡರು. ಅಷ್ಟರಲ್ಲಿ ನನ್ನ ಪ್ಲೇಟು ಒಣಗಿ ಹೋಗಿತ್ತು.

ಇನ್ನು ಬ್ಯಾಂಡಿನ ಕಾಟ. ಮೊದಲ ಮೂರು ಪ್ಲೇಟಿನಲ್ಲೂ ಗಲ್ಲದ ಕೆಳಗೆ ಹತ್ತಿ ತುರುಕಿದ ಹಾಗೆ ಬರೀ ಬಿಳಿ. ಎಕ್ಸ್‌ಪೋಷರ್ ಎಂಟು ಸೆಕೆಂಡಿಂದ ಐದಕ್ಕೆ ಇಳಿಸಿದೆ. ಬ್ಯಾಂಡು ಹಾಗೇ ಉಳಿದು ಮುಖಗಳು ಮುಳುಗಿದವು. ಮೊದಲು ಡೆವಲಪರ್ ಮೇಲೆ ಅನುಮಾನ, ಆಮೇಲೆ ಸಿಲ್ವರ್ ಬಾತ್ ಮೇಲೆ. ಹೊಸ ಸಿಲ್ವರ್ ನೈಟ್ರೇಟ್ ತರಿಸೋಣ ಅಂದರೆ ಅಂಗಡಿಯವನು ಬೆಳ್ಳಿ ರೇಟು ಏರಿದಾಗ ಅದೇ ದಿನ ಏರಿಸ್ತಾನೆ, ಇಳಿದಾಗ ‘ಹಳೇ ಸ್ಟಾಕ್ ಸಾರ್’ ಅಂತಾನೆ. ಕಲೋಡಿಯನ್ನಿಗೆ ಬೇಕಾದ ಈಥರ್ ಕೇಳಿದ್ದಕ್ಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಆಸ್ಪತ್ರೆಯ ಲೆಟರ್‌ಹೆಡ್ ತನ್ನಿ ಅಂದ.

ಕಳ್ಳ ಸಿಕ್ಕಿದ್ದು ಬಚ್ಚಲುಮನೆಯಲ್ಲಿ. ಅಮ್ಮ ಪ್ರತಿ ಸಲ ಬ್ಯಾಂಡುಗಳನ್ನು ಒಗೆದು ನೀಲಿ ಹಾಕ್ತಿದ್ದರು! ಕಲೋಡಿಯನ್ನಿಗೆ ಕಾಣೋದೇ ನೀಲಿ ಮತ್ತು ನೇರಳಾತೀತ. ಸೋಪಿನ ಪುಡಿಯಲ್ಲಿರುವ ಹೊಳಪಿನ ರಾಸಾಯನಿಕವೂ ಬಿಸಿಲಿಗೆ ನೀಲಿಯಾಗಿ ಮಿನುಗುತ್ತೆ. ಪಾಪ, ಅವರು ಶುಭ್ರ ಮಾಡಿದಷ್ಟೂ ನನ್ನ ಪ್ಲೇಟು ಕೆಡ್ತಿತ್ತು.

ಹಾಗಾದರೆ ಹಳದಿ ಮಾಡೋಣ, ಕಲೋಡಿಯನ್ನಿಗೆ ಹಳದಿ ಅಂದರೆ ಕತ್ತಲೆ. ಅರಿಶಿನದ ನೀರಲ್ಲಿ ಅದ್ದಿದೆ. ಹುರುಪು ಜಾಸ್ತಿಯಾಗಿ ನಾಲ್ಕನೇ ಪ್ಲೇಟಿನಲ್ಲಿ ಬ್ಯಾಂಡುಗಳು ಕೋಟಿಗಿಂತ ಕಪ್ಪು. ಸ್ವಲ್ಪ ತಿಳಿಯಾಗಲಿ ಅಂತ ಸೋಪಲ್ಲಿ ಜಾಲಿಸಿದೆ. ಅರಿಶಿನಕ್ಕೆ ಕ್ಷಾರ ಸೇರಿದರೆ ಏನಾಗುತ್ತೆ ಅಂತ ಆರತಿ ತಟ್ಟೆ ಕಲಸೋ ಯಾವ ಮನೆಯಲ್ಲಾದರೂ ಕೇಳಬಹುದಿತ್ತು. ಒಂಬತ್ತೂ ಬ್ಯಾಂಡು ಕೆಂಪು. ಕೆಂಪೂ ಅದಕ್ಕೆ ಕಪ್ಪೇ, ಐದನೆಯದೂ ಹೋಯ್ತು. ಆರನೆಯದಕ್ಕೆ ಹೊಸ ಬ್ಯಾಂಡು ತಂದರೂ ಅಂಗಡಿಯಿಂದಲೇ ಹೊಳಪು ಹೊತ್ತು ಬಂದಿದ್ದವು. ಏಳಕ್ಕೆ ಅವನ್ನೇ ಅರ್ಧ ಬಕೆಟ್ ಬರೀ ನೀರಿಗೆ ಒಂದು ಚಿಟಿಕೆ ಅರಿಶಿನ ಹಾಕಿ ಒಂದೇ ಸಲ ಅದ್ದಿ, ನೆರಳಲ್ಲಿ ಒಣಗಿಸಿದೆ. ಕಣ್ಣಿಗೆ ಹಳೇ ಪಂಚೆಯ ಬಣ್ಣ. ಪ್ಲೇಟಿನಲ್ಲಿ ಒಂದೊಂದು ಮಡಿಕೆಯೂ ಇದೆ.

ಕೆಂಪು ಅಂದ ಕೂಡಲೇ ತಲೆ ಅಠಾರ ಕಚೇರಿಯ ಕಡೆ ಓಡಿತು. ಗಾರ್ಡ್ನರ್ ಆ ಫೋಟೊ ತೆಗೆಯುವಾಗ ಆ ಕಚೇರಿ, ಅಂದರೆ ನಮ್ಮ ಈಗಿನ ಹೈಕೋರ್ಟ್ ಕಟ್ಟಡ, ಇನ್ನೂ ಏಳುತ್ತಿತ್ತು, ಮುಗಿದದ್ದು 1868ರಲ್ಲಿ. ಆ ಕೆಂಪು ಗೋಡೆ ಕಲೋಡಿಯನ್ನಿನಲ್ಲಿ ಇದ್ದಿಲಾಗುತ್ತೆ, ನೋಡಲೇಬೇಕು. ಅದಕ್ಕೂ ಮುಂಚೆ ಜರ್ಮನ್ ಫೋಟೊಗ್ರಾಫರ್ ಎರಿಕ್ ಸಾಲೊಮನ್‌ನ ಕೈಪಟ್ಟಿ ಪ್ರಯೋಗ. ಆತ 1932ರಲ್ಲಿ ಕೈ ಮುರಿದವನಂತೆ ನಟಿಸಿ, ಪಟ್ಟಿಯೊಳಗೆ ಕ್ಯಾಮೆರಾ ಬಚ್ಚಿಟ್ಟು, ಕಲಾಪ ನಡೆಯುತ್ತಿದ್ದ ಅಮೆರಿಕದ ಸುಪ್ರೀಂ ಕೋರ್ಟಿನ ಫೋಟೊ ಹೊಡೆದಿದ್ದ. ಅಲ್ಲಿ ಕಲಾಪಕ್ಕೆ ಕ್ಯಾಮೆರಾ ಇವತ್ತಿಗೂ ನಿಷಿದ್ಧ. ನಮ್ಮ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವನ್ನು 2022ರ ಸೆಪ್ಟೆಂಬರ್ 27ರಿಂದ ಮನೆಯಲ್ಲೇ ಕಾಫಿ ಕುಡೀತಾ ನೋಡಬಹುದು. ಪಟ್ಟಿಗೆ ಬಟ್ಟೆ ತಂದಾಗಿದೆ, ಪ್ರಯೋಗ ನಮ್ಮ ಅಡುಗೆಮನೆಯ ಕಲಾಪದ ಮೇಲೆ.

ಇನ್ನು ಆ ಎಡವಟ್ಟು. ಫಿಕ್ಸರಿನಿಂದ ತೆಗೆದ ಪ್ಲೇಟನ್ನು ಹೆಮ್ಮೆಯಿಂದ ತೋರಿಸಿದೆ. ಚೀಫ್ ಪಕ್ಕದ ರಾಯರು ಕನ್ನಡಕ ಏರಿಸಿ, “ಏನಯ್ಯಾ, ಬಲಗಡೆ ಕೂತಿದ್ದ ನನ್ನನ್ನ ಎಡಕ್ಕೆ ಯಾಕೆ ತಳ್ಳಿದೀಯ?” ಅಂದರು. ಕರಿ ತಗಡಿನ ಮೇಲೆ ನೇರ ಬೀಳೋ ಬಿಂಬ ಕನ್ನಡಿಯಂತೆ ತಿರುವುಮುರುವು, ಅದನ್ನು ಮರೆತೇ ಬಿಟ್ಟಿದ್ದೆ. ಇಡೀ ಹಿರಿತನ ಉಲ್ಟಾ. ಅವರನ್ನೇ ಅದಲು ಬದಲು ಕೂರಿಸೋಣ ಅಂದರೆ ಯಾರೂ ಕುರ್ಚಿ ಬಿಡಲಿಲ್ಲ. ಗಾಜಿನ ನೆಗೆಟಿವ್ ಮಾಡಿ ಕಾಗದಕ್ಕೆ ಇಳಿಸಿದರೆ ಸರಿಹೋಗುತ್ತೆ.

ಎಂಟನೆಯದು ಭಾನುವಾರ, ಗಾಜಿನ ಮೇಲೆ. ಬ್ಯಾಂಡುಗಳು ನನ್ನ ಬೀರುವಿನಲ್ಲಿವೆ, ಬೀಗ ಹಾಕಿ.