ಒಂದ ವಯಲಿನ್, ಹಿಮ್ಮೇಳ ಪೆಡಲ್‌ದಾಗ

ಧಾರವಾಡಕ್ಕ ಹೋಗೂ ಚಿಗರಿ ಬಸ್ಸಿನ್ಯಾಗ ಈಗ ಬರೇ ಇದನ್ನ ಕೇಳಾಕತ್ತೀನಿ, ಒಬ್ಬರ ನಿಂತು ವಯಲಿನ್ ಲೂಪ್ ಮಾಡಿ (ಬಾರ್ಸಿದ್ದನ್ನ ಪೆಡಲ್ ಹಿಡಿದಿಟ್ಟು ಮತ್ತ ಮತ್ತ ಕೇಳಸೂದು) ಬಾರ್ಸೂ ಡಾರ್ಕ್ ಫೋಕ್, ಅಂದ್ರ ಕತ್ತಲಿ ಛಾಯಾದ ಜಾನಪದ ಧಾಟಿ ಸಂಗೀತ. ಮೊದಲ ವಯಲಿನ್ನಿನ ಎಲ್ಲಾಕ್ಕಿಂತ ತಗ್ಗಿನ ಜಿ ತಂತಿ ಮ್ಯಾಲೆ ಒಂದು ಉದ್ದನ ಸ್ವರ, ಕಾಲಿಂದ ಪೆಡಲ್ ಒತ್ತಿದ್ರ ಅದು ಶ್ರುತಿಪೆಟ್ಗಿಹಂಗ ಸುತ್ತಾಕ ಹತ್ತತೈತಿ, ಆಮ್ಯಾಲೆ ಬಿಲ್ಲಿನ ಕಟಗೀಲೆ ತಂತಿ ಕುಟ್ಟಿ ತಾಳ, ಬ್ರಿಜ್ (ತಂತಿ ಹೊತ್ತ ಕಟಗಿ ಕುದುರಿ) ಹತ್ರ ಉಜ್ಜಿ ಕಿರ್ರ್ ಅನ್ನೂ ಸದ್ದು, ಆಕ್ಟೇವ್ ಪೆಡಲ್‌ಲೆ ಒಂದು ಸಪ್ತಕ ಇಳಿಸಿದ್ರ ಥೇಟ್ ಸೆಲ್ಲೊ, ಅಂದ್ರ ವಯಲಿನ್ನಿನ ದೊಡ್ಡ ದನೀ ಅಣ್ಣ. ಮೊದಲನೇ ಲೂಪ್ ಸ್ವಲ್ಪ ತಪ್ಪಿದ್ರೂ ಮುಂದಿಂದೆಲ್ಲಾ ಲಟಕ್!

ನಮ್ಮ ಗೀಗೀ ಪದದಾಗ ಹಿಂದ ನಿಂತ ಹಿಮ್ಮೇಳದವ್ರು 'ಗೀಯ ಗೀಯ' ಅಂತ ಎಳೀತಾರಲ್ಲ, ಆ ಕೆಲಸಾನ ಇಲ್ಲಿ ಮಷಿನ್ ಮಾಡತೈತಿ, ಆದ್ರ ಮಷಿನ್ ದಣಿಯಂಗಿಲ್ಲ, ಹಾಡವರ ಮಾರಿ ನೋಡಂಗೂ ಇಲ್ಲ, ಅಂಜಿಕಿ ಬರೂದ ಅದಕ್ಕ. ಕೆಲವರು ಪದರ ಮ್ಯಾಲೆ ಪದರ ಪೇರಿಸಿ ಬರೇ ರಾಡಿ ಎಬ್ಬಸ್ತಾರ, ಅದು ನಂಗ ಸೇರಂಗಿಲ್ಲ ಬಿಡ್ರಿ.