ಮಳೆಗಾಲದ ಕೊಡಗಿಗೆ ಒಂದು ಸಣ್ಣ ಬ್ಯಾಗ್ ಸಾಕು

ಎರಡು ಮೂರು ದಿನಕ್ಕೆ ಕೊಡಗಿಗೆ ಹೊರಟವರು ನನ್ನ ಹತ್ತಿರ ಮೊದಲು ಕೇಳುವುದು, "ಎಷ್ಟು ಜೊತೆ ಬಟ್ಟೆ ಇಟ್ಟುಕೊಳ್ಳಲಿ?" ಅಂತ. ಎಷ್ಟು ಅನ್ನೋದನ್ನು ಬಿಡಿ, ಯಾವ ಬಟ್ಟೆ ಬೇಗ ಒಣಗುತ್ತದೆ ಅಂತ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಇದೊಂದೇ ಲೆಕ್ಕ. ಜುಲೈ ತಿಂಗಳಲ್ಲಿ ಮಡಿಕೇರಿಯ ಯಾವುದೇ ಮನೆಯಲ್ಲಿ ಹಗ್ಗದ ಮೇಲಿರುವ ಜೀನ್ಸ್ ಪ್ಯಾಂಟ್ ಮುಟ್ಟಿ ನೋಡಿ. ಕಾಲು ಒಣಗಿದ ಹಾಗೆ ಕಾಣುತ್ತದೆ, ಸೊಂಟದ ಪಟ್ಟಿ ಮತ್ತು ಜೇಬು ಮಾತ್ರ ಮೂರನೇ ದಿನವೂ ತಣ್ಣಗೆ ಕೈಗೆ ಅಂಟುತ್ತದೆ. ಅಂಥ ಪ್ಯಾಂಟ್ ನಾಲ್ಕು ತಂದರೆ ನಾಲ್ಕೂ ಒದ್ದೆ, ವಾಪಸ್ ಹೋಗುವಾಗ ಬ್ಯಾಗ್ ಬರುವಾಗಿಗಿಂತ ಭಾರ.

ಹತ್ತಿ ನೂಲು ತನ್ನೊಳಗೇ ನೀರು ಹೀರಿಕೊಳ್ಳುತ್ತದೆ. ಮಳೆ ಬೀಳದಿದ್ದರೂ ಸರಿ, ಗಾಳಿಯ ತೇವದಿಂದಲೇ ಅದು ತನ್ನ ತೂಕದ ಸುಮಾರು 8 ಪರ್ಸೆಂಟ್ ನೀರು ಎಳೆದುಕೊಂಡಿರುತ್ತದೆ. ಪಾಲಿಯೆಸ್ಟರ್ ಅರ್ಧ ಪರ್ಸೆಂಟ್ ಕೂಡ ಹೀರುವುದಿಲ್ಲ. ಆಟದವರು ಹಾಕುವ ತೆಳು ಟೀ ಶರ್ಟ್, ಟ್ರ್ಯಾಕ್ ಪ್ಯಾಂಟ್ ಹಿಂಡಿ ಕೊಡವಿ ಫ್ಯಾನ್ ಕೆಳಗೆ ಹಾಕಿದರೆ ಬೆಳಿಗ್ಗೆಗೆ ಹಾಕಿಕೊಳ್ಳುವಂತಾಗುವುದು ಇದಕ್ಕೇ. ಕರೆಂಟ್ ಇದ್ದರೆ ಅಂತ ಸೇರಿಸಿಕೊಳ್ಳಿ.

ಸಣ್ಣ ಬ್ಯಾಗ್ ಯಾಕೆ ಅಂದರೆ, ಇಲ್ಲಿಗೆ ಬರುವ ದಾರಿಯೇ ಹಾಗಿದೆ. ಕೊಡಗಿಗೆ ರೈಲಿಲ್ಲ. ಮೈಸೂರಿನವರೆಗೆ ರೈಲಲ್ಲಿ ಬಂದು ಅಲ್ಲಿಂದ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ ಅಂತ ಸುಮಾರು 120 ಕಿಲೋಮೀಟರ್ ಬಸ್ಸಿನಲ್ಲೇ ಬರಬೇಕು, ಇಲ್ಲಾಂದ್ರೆ ಬೆಂಗಳೂರಿನಿಂದ ನೇರ ಬಸ್ ಹಿಡಿಯಬೇಕು. ವಿಮಾನದಲ್ಲಿ ಬರುವವರಿಗೆ 2018ರ ಡಿಸೆಂಬರ್‌ನಲ್ಲಿ ಶುರುವಾದ ಕಣ್ಣೂರು ಏರ್‌ಪೋರ್ಟ್ ಇದೆ, ಕೈಯಲ್ಲಿ ಒಯ್ಯುವ ಬ್ಯಾಗಿಗೆ ಸಾಮಾನ್ಯವಾಗಿ 7 ಕಿಲೋ ಮಿತಿ. ಇಷ್ಟು ದಾರಿ ದೊಡ್ಡ ಸೂಟ್‌ಕೇಸ್ ಹಿಡಿದೂ ಬರಬಹುದು, ತೊಂದರೆ ಇಲ್ಲ. ಕಷ್ಟ ಇರುವುದು ಕೊನೆಯ ಹತ್ತಿಪ್ಪತ್ತು ಕಿಲೋಮೀಟರಿನಲ್ಲಿ. ಊರೂರಿಗೆ ಓಡಾಡುವುದು ಜಾಸ್ತಿ ಖಾಸಗಿ ಬಸ್ಸುಗಳೇ. ಶಾಲೆ ಬಿಟ್ಟ ಮಕ್ಕಳು, ಸಂತೆ ಚೀಲ, ನೀರು ಸೋರುವ ಛತ್ರಿಗಳ ನಡುವೆ ಚಕ್ರದ ಸೂಟ್‌ಕೇಸ್ ತಂದರೆ ಕಂಡಕ್ಟರ್ ಅದನ್ನು ಇಂಜಿನ್ ಮೇಲೆ ಇಡಿಸುತ್ತಾರೆ, ನೀವು ಹಿಂದೆ ನಿಂತುಕೊಂಡು ನಿಮ್ಮ ಸ್ಟಾಪಿನಲ್ಲಿ ಅದನ್ನು ಹೇಗೆ ಇಳಿಸುವುದು ಅಂತ ಯೋಚಿಸುತ್ತಾ ಹೊರಗಿನ ತೋಟ ನೋಡುವುದನ್ನೇ ಮರೆಯುತ್ತೀರಿ.

ನನ್ನ ಚಿಕ್ಕಮ್ಮನ ಮನೆ ಚೇರಂಬಾಣೆ ದಾಟಿ ಭಾಗಮಂಡಲದ ಕಡೆ. ಬಸ್ ಇಳಿದ ಮೇಲೆ ಕಾಫಿ ತೋಟದೊಳಗೆ ಇಳಿಜಾರಿನ ಕೆಮ್ಮಣ್ಣಿನ ದಾರಿ. ಮಳೆಗಾಲದಲ್ಲಿ ಆ ದಾರಿಯಲ್ಲಿ ಚಕ್ರ ಅನ್ನೋದಕ್ಕೆ ಅರ್ಥವೇ ಇಲ್ಲ. ಎರಡೂ ಹೆಗಲಿಗೆ ಹಾಕುವ ಬ್ಯಾಗ್ ಬೇಕು, ಎರಡೂ ಕೈ ಖಾಲಿ ಇರಬೇಕು. ಒಂದು ಕೈಗೆ ಛತ್ರಿ, ಇನ್ನೊಂದು ಕೈ ಜಾರಿದರೆ ಗಿಡ ಹಿಡಿದುಕೊಳ್ಳಲಿಕ್ಕೆ.

ಬ್ಯಾಗ್ 20ರಿಂದ 25 ಲೀಟರಿನದ್ದು ಸಾಕು, ಕಾಲೇಜು ಮಕ್ಕಳ ಬ್ಯಾಗಿನಷ್ಟು. ಹೊರಗಿನ ರೈನ್ ಕವರ್ ಒಂದನ್ನೇ ನಂಬಬೇಡಿ. ನೀರು ಬೆನ್ನಿನ ಮೇಲಿಂದ ಇಳಿದು ಬ್ಯಾಗ್ ಮತ್ತು ಬೆನ್ನಿನ ನಡುವೆ ಸೇರಿಕೊಳ್ಳುತ್ತದೆ, ಅಲ್ಲಿ ಕವರ್ ಇರುವುದಿಲ್ಲ. ಅದಕ್ಕೇ ಒಳಗಡೆ ಒಂದು ದೊಡ್ಡ ಪ್ಲಾಸ್ಟಿಕ್ ಚೀಲ ಹಾಕಿ, ಬಟ್ಟೆ ಎಲ್ಲ ಅದರೊಳಗೆ ತುಂಬಿ, ಬಾಯಿ ತಿರುಚಿ ಮಡಚಿ ಇಡಿ. ನಮ್ಮ ಮನೆಯಲ್ಲಿ ಗೊಬ್ಬರದ ಚೀಲದ ಒಳಗೆ ಬರುವ ದಪ್ಪ ಪ್ಲಾಸ್ಟಿಕ್ಕನ್ನು ಚೆನ್ನಾಗಿ ತೊಳೆದು ಇದಕ್ಕೇ ಎತ್ತಿಡುತ್ತೇವೆ, ಎಷ್ಟು ಮಳೆಗಾಲ ಕಳೆದರೂ ಹರಿಯುವುದಿಲ್ಲ.

ಈಗ ಬಟ್ಟೆ. ಒಂದು ಜೊತೆ ನೆನೆಯಲಿಕ್ಕೆ, ಒಂದು ಜೊತೆ ಮನೆಯೊಳಗೆ ಇರಲಿಕ್ಕೆ. ನೆನೆಯುವ ಜೊತೆ ನಿಮ್ಮ ಮೈಮೇಲೇ ಬರುತ್ತದೆ. ಒಣ ಜೊತೆ ಬ್ಯಾಗಿನೊಳಗೆ, ಅದನ್ನು ಹಾಕಿಕೊಂಡು ಯಾವ ಕಾರಣಕ್ಕೂ ಅಂಗಳಕ್ಕೆ ಇಳಿಯಬಾರದು. ಮಾರನೇ ದಿನ ಸುತ್ತಲು ಹೊರಡುವಾಗ ನಿನ್ನೆಯದೇ ಬಟ್ಟೆ, ಸ್ವಲ್ಪ ತಣ್ಣಗಿದ್ದರೂ, ಮತ್ತೆ ಹಾಕಿಕೊಳ್ಳಿ. ಇದನ್ನು ಹೇಳಿದರೆ ಎಲ್ಲರೂ ಮುಖ ಸಿಂಡರಿಸುತ್ತಾರೆ. ಆದರೆ ಹೊರಗೆ ಕಾಲಿಟ್ಟ ಐದು ನಿಮಿಷಕ್ಕೆ ಹೇಗೂ ನೆನೆಯುತ್ತೀರಿ, ನಡೆಯಲು ಶುರು ಮಾಡಿದರೆ ಮೈ ಬಿಸಿಗೆ ಆ ತಣ್ಣಗೆ ಗೊತ್ತಾಗುವುದೂ ಇಲ್ಲ. ಸಂಜೆ ಮನೆಗೆ ಬಂದು ಬಿಸಿನೀರು ಸ್ನಾನ ಮಾಡಿದ ಮೇಲೆ ಮೈಗೆ ಪೂರ್ತಿ ಒಣಗಿದ ಬಟ್ಟೆ ಸಿಗಬೇಕು, ಆ ಸುಖ ಉಳಿಸಿಕೊಳ್ಳಲಿಕ್ಕೇ ಇಷ್ಟೆಲ್ಲ. ಒಳಉಡುಪು ಮತ್ತು ಕಾಲುಚೀಲ ಮಾತ್ರ ದಿನಕ್ಕೊಂದರ ಹಾಗೆ, ಮೇಲೆ ಒಂದು ಜಾಸ್ತಿಯೇ ಇರಲಿ.

ದಪ್ಪ ಟರ್ಕಿ ಟವೆಲ್ ಬೇಡ. ತೆಳು ಬೈರಾಸು ತನ್ನಿ. ಹಿಂಡಿದ ಬಟ್ಟೆಯನ್ನು ಒಣ ಬೈರಾಸಿನೊಳಗೆ ಚಾಪೆ ಸುತ್ತಿದ ಹಾಗೆ ಸುತ್ತಿ, ಎರಡು ತುದಿ ಹಿಡಿದು ಬಿಗಿಯಾಗಿ ತಿರುಚಿದರೆ ಉಳಿದ ನೀರೂ ಹೊರಗೆ ಬರುತ್ತದೆ. ಚಿಕ್ಕಮ್ಮನ ಮನೆಯಲ್ಲಿ ಸೌದೆ ಒಲೆಯ ಮೇಲೆ ಎತ್ತರದಲ್ಲಿ ಒಂದು ತಂತಿ ಕಟ್ಟಿದ್ದಾರೆ, ರಾತ್ರಿ ಅಡುಗೆ ಮುಗಿದ ಮೇಲೆ ಕೆಂಡದ ಬಿಸಿಗೆ ಬಟ್ಟೆ ಅಲ್ಲಿ ಹಾಕುತ್ತಾರೆ. "ಕಾಲುಚೀಲ ಆ ಕಡೆ ಹಾಕು, ಅಕ್ಕಿ ರೊಟ್ಟಿ ಸುಡುವ ಜಾಗಕ್ಕೆ ಬೇಡ" ಅಂತ ಪ್ರತಿ ಸಲ ಹೇಳುತ್ತಾರೆ. ಬೆಳಿಗ್ಗೆ ಅಂಗಿಗೆ ಹೊಗೆ ವಾಸನೆ ಇರುತ್ತದೆ, ನನಗೆ ಅದು ಇಷ್ಟ. ಹೋಂಸ್ಟೇಯಲ್ಲಿ ಉಳಿದರೂ ಒಮ್ಮೆ ಕೇಳಿ ನೋಡಿ, ಸೌದೆ ಒಲೆ ಇರುವ ಮನೆಯವರು ಬೇಡ ಅನ್ನುವುದು ಕಡಿಮೆ.

ಶೂ ಬಗ್ಗೆ ಹೆಚ್ಚು ಯೋಚಿಸಬೇಡಿ. ಹಿಂದೆ ಪಟ್ಟಿ ಇರುವ ರಬ್ಬರ್ ಚಪ್ಪಲಿ ಒಂದು ಸಾಕು, ಒಳಗೆ ಸ್ಪಂಜ್ ಇರುವ ಶೂ ಒಮ್ಮೆ ನೆಂದರೆ ನೀವು ಊರು ಬಿಡುವವರೆಗೂ ಒಣಗುವುದಿಲ್ಲ. ತಡಿಯಂಡಮೋಳ್ ಹತ್ತುವವರ ಮಾತು ಬೇರೆ, ಅದು ಕೊಡಗಿನಲ್ಲೇ ಎತ್ತರದ ಬೆಟ್ಟ, 1,748 ಮೀಟರ್, ಅದಕ್ಕೆ ಹಿಡಿತ ಇರುವ ಶೂ ಬೇಕೇ ಬೇಕು. ಹಾಕಿಕೊಂಡೇ ಬನ್ನಿ, ಬ್ಯಾಗಿಗೆ ತುಂಬಬೇಡಿ. ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿಕೊಳ್ಳಿ, ಜಿಗಣೆ ಕಾಟ ಅರ್ಧ ಕಡಿಮೆಯಾಗುತ್ತದೆ. ಹತ್ತಿದರೆ ಕೂಗಾಡಿ ಎಳೆಯಬೇಡಿ, ಬಾಯಿ ಕಚ್ಚಿದ ಜಾಗದಲ್ಲಿ ಉಗುರು ಸರಿಸಿ ಬಿಡಿಸಿ. ರಕ್ತ ಹೆಪ್ಪುಗಟ್ಟದ ಹಾಗೆ ಅದರ ಜೊಲ್ಲು ತಡೆಯುವುದರಿಂದ ಸ್ವಲ್ಪ ಹೊತ್ತು ಸೋರುತ್ತದೆ. ಗಾಬರಿ ಬೇಡ, ಹತ್ತಿ ಒತ್ತಿ ಹಿಡಿಯಿರಿ.

ಬಟ್ಟೆ ಕಡಿಮೆ ಮಾಡಿ ಉಳಿಸಿದ ಜಾಗದಲ್ಲಿ ಇಡಬೇಕಾದ ಕೆಲವು ಸಾಮಾನು ಇವೆ. ಜೋರು ಗಾಳಿಗೆ ಮರ ಬಿದ್ದು ಲೈನ್ ಹೋದರೆ ಹಳ್ಳಿ ಕಡೆ ಕರೆಂಟ್ ಯಾವಾಗ ಬರುತ್ತದೆ ಹೇಳಲಾಗದು, ಹಾಗಾಗಿ ಟಾರ್ಚ್ ಮತ್ತು ಪವರ್ ಬ್ಯಾಂಕ್. ಕರೆಂಟ್ ಹೋದರೆ ನೆಟ್‌ವರ್ಕ್ ಕೂಡ ಹೋಗಬಹುದು, ಮೊಬೈಲಿನಲ್ಲಿ ದುಡ್ಡು ಕೊಡಲಾಗುವುದಿಲ್ಲ, ಬಸ್ಸಿಗೂ ಚಿಲ್ಲರೆ ಬೇಕು, ನೋಟುಗಳನ್ನು ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ. ದಿನಾ ತೆಗೆದುಕೊಳ್ಳುವ ಮಾತ್ರೆ ಇದ್ದರೆ ಎರಡು ಮೂರು ದಿನಕ್ಕೆ ಹೆಚ್ಚುವರಿ ತನ್ನಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಮಡಿಕೇರಿಯಿಂದ ಸಂಪಾಜೆ ಕಡೆಗಿನ ಹೆದ್ದಾರಿಯೇ ಬಂದ್ ಆಗಿತ್ತು, ಅದನ್ನು ನೋಡಿದವರು ಯಾರೂ ಮಳೆಗಾಲದಲ್ಲಿ ಲೆಕ್ಕ ಹಾಕಿದಷ್ಟೇ ಮಾತ್ರೆ ಹಿಡಿದು ಹೊರಡುವುದಿಲ್ಲ. ಕುಶಾಲನಗರ ದಾಟಿದ ಮೇಲೆ ತಿರುವುಗಳು ಶುರು, ವಾಂತಿ ಬರುವವರು ಮಾತ್ರೆಯನ್ನು ಅದಕ್ಕೂ ಮೊದಲೇ ನುಂಗಿರಬೇಕು.

ಕುಶಾಲನಗರದಲ್ಲಿ ಬಿಸಿಲು ಕಂಡು ರೈನ್‌ಕೋಟ್ ಬ್ಯಾಗಿನ ತಳಕ್ಕೆ ತಳ್ಳಬೇಡಿ. ಸುಮಾರು 30 ಕಿಲೋಮೀಟರ್ ಮುಂದೆ ಮಡಿಕೇರಿ, ಅಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ರೈನ್‌ಕೋಟ್ ಯಾವಾಗಲೂ ಎಲ್ಲಕ್ಕಿಂತ ಮೇಲೆ.

ಡಿಸೆಂಬರ್, ಜನವರಿಯಲ್ಲಿ ಬರುವವರಿಗೆ ಕೆಲಸ ಇನ್ನೂ ಸುಲಭ. ರೈನ್‌ಕೋಟ್ ಜಾಗಕ್ಕೆ ಒಂದು ಸ್ವೆಟರ್, ಅದೂ ಬಸ್ಸಿನಲ್ಲಿ ಮೈಮೇಲೇ ಇರುತ್ತದೆ. ಮದುವೆಗೆ ಬರುವವರಿಗೆ ಮಾತ್ರ ನಾನು ಏನೂ ಹೇಳುವುದಿಲ್ಲ, ರೇಷ್ಮೆ ಸೀರೆಯನ್ನು ಸಣ್ಣ ಬ್ಯಾಗಿಗೆ ತುರುಕಿ ಅಂತ ಹೇಳುವ ಧೈರ್ಯ ನನಗಿಲ್ಲ, ಹೇಳುವುದು ಸರಿಯೂ ಅಲ್ಲ.

ಇನ್ನೊಂದು, ಬ್ಯಾಗ್ ತುಂಬಾ ತುಂಬಿಕೊಂಡು ಬರಬೇಡಿ. ಕೊಡಗಿನ ಮನೆಯಿಂದ ಯಾರನ್ನೂ ಬರಿಗೈಲಿ ಕಳಿಸುವುದಿಲ್ಲ. ಕಾಫಿ ಪುಡಿ, ಕರಿಮೆಣಸು, ಜೇನು, ಮಳೆಗಾಲವಾದರೆ ಕಣಿಲೆ, ಅಂದರೆ ಎಳೆ ಬಿದಿರು ಕೂಡ. ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಮಡಚಿದರೆ ಅಂಗೈಯಷ್ಟಾಗುವ ಬಟ್ಟೆ ಚೀಲ ಒಂದು ಇಟ್ಟುಕೊಂಡಿರಿ. ಪಂದಿ ಕರಿ, ಅಂದರೆ ಹಂದಿ ಮಾಂಸದ ಸಾರು ಮಾಡುವವರು ನೀವಾದರೆ ಕಾಚಂಪುಳಿಯನ್ನೂ ಕೊಡುತ್ತಾರೆ, ಕಪ್ಪಗೆ ದಪ್ಪಗಿರುವ ಆ ಹುಳಿ ಬಟ್ಟೆಗೆ ತಾಗಿದರೆ ಕಲೆ ಹೋಗುವುದಿಲ್ಲ. ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ತುಂಡು ಇಟ್ಟು ತಿರುಗಿಸಿ, ಮೇಲೆ ರಬ್ಬರ್ ಬ್ಯಾಂಡ್ ಹಾಕಿ, ಬಾಟಲಿಯನ್ನು ಬ್ಯಾಗಿನ ಪಕ್ಕದ ಜೇಬಿನಲ್ಲಿ ನೆಟ್ಟಗೆ ನಿಲ್ಲಿಸಿ ತನ್ನಿ.