ಅಜ್ಜಿ ಮುಂದಿನ ಸೀಟಲ್ಲಿ

ನಿನ್ನೆ ಮಾವನ ಟೊಯೋಟಾ ಫಾರ್ಚುನರ್ ಕಾರಲ್ಲಿ ಏಳೂ ಜನ ತುಮಕೂರಿಂದ ದೇವರಾಯನದುರ್ಗಕ್ಕೆ ಹೋಗಿದ್ವಿ, ಡೀಸೆಲ್ ಆಟೋಮ್ಯಾಟಿಕ್, 2.8 ಲೀಟರ್ ಇಂಜಿನ್, 204 ಪಿಎಸ್ ಪವರ್, ಆದ್ರೆ ಬೆಟ್ಟದ ರೋಡಲ್ಲಿ ನಿಜವಾಗ್ಲೂ ಕೆಲ್ಸ ಮಾಡೋದು ಆ 500 ಎನ್‌ಎಂ ಟಾರ್ಕು, ಅಂದ್ರೆ ಚಕ್ರ ತಿರುಗಿಸೋ ಬಲ. ಅದು 1600 ಆರ್‌ಪಿಎಂ ಸುತ್ತಮುತ್ತಲೇ, ಅಂದ್ರೆ ಇಂಜಿನ್ ಇನ್ನೂ ನಿಧಾನಕ್ಕೆ ತಿರುಗ್ತಿರೋವಾಗ್ಲೇ ಸಿಕ್ಬಿಡುತ್ತೆ, ಹಂಗಾಗಿ ಹೆಚ್ಚುಕಮ್ಮಿ ಎರಡು ಟನ್ ಗಾಡಿ, ಅದ್ರೊಳಗೆ ನಾವೇಳು ಜನ, ಪುಳಿಯೋಗರೆ ಡಬ್ಬಿ, ನೀರಿನ ಕ್ಯಾನು ಎಲ್ಲಾ ಹೊತ್ಕೊಂಡು ತಿರುವಲ್ಲಿ ಆಕ್ಸಿಲರೇಟರ್ ಚೂರು ಒತ್ತಿದ್ರೆ ಸಾಕು, ಏದುಸಿರು ಬಿಡದೆ ಹತ್ತುತ್ತೆ, ಎಷ್ಟ್ ಖುಷಿ ಆಯ್ತು ಗೊತ್ತಾ. ಮೂರನೇ ಸಾಲು ಹುಡುಗ್ರಿಗೆ ಹೇಳಿ ಮಾಡಿಸ್ದಂಗಿತ್ತು. ಲಗೇಜ್ ಜಾಸ್ತಿ ಇದ್ರೆ ಆ ಸೀಟು ಎರಡೂ ಪಕ್ಕಕ್ಕೆ ಎತ್ತಿ ಕಟ್ಕೋಬೇಕು.

ನಂಗೆ ಭಯ ಇದ್ದಿದ್ದು ಅಜ್ಜಿದು. ಇಷ್ಟೆತ್ತರದ ಗಾಡಿ, ಮಂಡಿ ನೋವು ಬೇರೆ. ದಾರಿಲಿ ಸಿಗೋ ನಾಮದ ಚಿಲುಮೆ ಅನ್ನೋ ನೀರಿನ ಬುಗ್ಗೆ ಹತ್ರ ಇಳಿದು ವಾಪಸ್ ಹತ್ತೋವಾಗ ಕೈ ಕೊಡೋಕೆ ಹೋದೆ, ಅಜ್ಜಿ ಸೀರೆ ನೆರಿಗೆ ಒಂದ್ ಕೈಲಿ ಎತ್ಕೊಂಡು, ಇನ್ನೊಂದ್ ಕೈಲಿ ಬಾಗಿಲ ಪಕ್ಕದ ಹಿಡಿ ಹಿಡ್ಕೊಂಡು, ಫುಟ್‌ಬೋರ್ಡ್ ಮೇಲೆ ಕಾಲಿಟ್ಟು ತಾನೇ ಹತ್ತಿ ಕೂತ್ಲು. ಗಾಡಿ ತಗೊಳೋವಾಗ ಪವರ್ರು ಮೈಲೇಜು ಎಲ್ಲಾ ಕೇಳ್ತೀವಿ, ಮನೇಲಿರೋ ಹಿರೀಕರನ್ನ ಶೋರೂಮಿಗೆ ಕರ್ಕೊಂಡೋಗಿ ಒಂದ್ಸಲ ಹತ್ತಿಸಿ ನೋಡೋದು ಯಾರಿಗೂ ಹೊಳಿಯಲ್ಲ. ಕೂತವಳೇ ಕಿಟಕಿ ಇಳಿಸಿ, "ಕಾಡೆಲ್ಲಾ ಕಾಣ್ತದೆ ಕಣ್ಲಾ ಇಲ್ಲಿಂದ, ನಿಧಾನಕ್ಕೆ ಹೋಗಾಕೇಳು ನಿಮ್ಮಾವಂಗೆ" ಅಂದ್ಲು.